ಮುಚ್ಚಿಹೋದ ಕಲ್ಲುಪುಡಿ ಫ್ಯಾಕ್ಟರಿ: ತಪಾಸಣೆಗೆ ಬಂದವರು ಎಲ್ಲಿ ನೋಡಬೇಕು?

ಪ್ರಶ್ನೆ: ನಮ್ಮದು ನಂಜನಗೂಡು ತಾಲ್ಲೂಕಿನ ಒಂದು ಹಳ್ಳಿ. ಊರ ಪಕ್ಕದಲ್ಲಿ ಕಲ್ಲು ಪುಡಿ ಮಾಡುವ ಫ್ಯಾಕ್ಟರಿ ಇತ್ತು. ಬಳಪದ ಕಲ್ಲು, ವರ್ಮಿಕ್ಯುಲೈಟ್ (ಕಾಯಿಸಿದರೆ ಉಬ್ಬುವ, ಅಭ್ರಕದಂಥ ಖನಿಜ) ಎಲ್ಲಿಂದಲೋ ಲಾರಿಗಳಲ್ಲಿ ಬರುತ್ತಿದ್ದವು. ಮುಚ್ಚಿ ಇಪ್ಪತ್ತು ವರ್ಷದ ಮೇಲಾಯಿತು. ನಮ್ಮಪ್ಪ ಅಲ್ಲಿ ಮಿಲ್ಲಿನ ಕೆಲಸಕ್ಕಿದ್ದರು. ಈಗ ನಾಲ್ಕು ಹೆಜ್ಜೆ ಬೇಗ ನಡೆದರೆ ಏದುಸಿರು ಬರುತ್ತದೆ. ಎಕ್ಸ್‌-ರೇ ನೋಡಿ ಎರಡು ಸಲ ಟಿಬಿ ಮಾತ್ರೆ ಕೊಟ್ಟರು. ಫ್ಯಾಕ್ಟರಿ ಜಾಗದಲ್ಲಿ ಈಗ ಲೇಔಟ್ ಆಗುತ್ತಿದೆ, ನಾವೂ ಒಂದು ಸೈಟಿಗೆ ಅಡ್ವಾನ್ಸ್ ಕೊಟ್ಟಿದ್ದೇವೆ. ಊರವರು ಅರ್ಜಿ ಕೊಟ್ಟ ಮೇಲೆ ಅಧಿಕಾರಿಗಳು ಬಂದು ಮಣ್ಣು ತೆಗೆದುಕೊಂಡು ಹೋದರು. ‘ಆಸ್ಬೆಸ್ಟಾಸ್ ಶೇ 1ಕ್ಕಿಂತ ಕಡಿಮೆ, ಹೆದರಬೇಕಿಲ್ಲ’ ಎಂದು ವರದಿ ಬಂದಿದೆ. ಅಮೆರಿಕದಲ್ಲಿ ಇಂಥ ಜಾಗಗಳನ್ನು ಸರ್ಕಾರವೇ ಹುಡುಕಿಕೊಂಡು ಹೋಗಿ ತಪಾಸಣೆ ಮಾಡಿತು ಎಂದು ಓದಿದ್ದೆ. ಅಲ್ಲಿ ಏನು ಮಾಡಿದರು? ಇಲ್ಲಿ ನಾವು ಏನು ಕೇಳಬೇಕು?

ಉತ್ತರ: ಮೊದಲು ನಿಮ್ಮ ತಂದೆಯವರ ವಿಷಯ ಹೇಳಿಬಿಡುತ್ತೇನೆ, ಜಾಗದ ಮಾತು ಆಮೇಲೆ. ಕಫದಲ್ಲಿ ಟಿಬಿ ಕ್ರಿಮಿ ಸಿಕ್ಕಿತ್ತೇ ಎಂದು ಹಳೆಯ ಚೀಟಿಗಳನ್ನು ತೆಗೆದು ನೋಡಿ. ಸಿಕ್ಕದೆ, ಬರೀ ಎಕ್ಸ್‌-ರೇಯಲ್ಲಿ ಕಂಡ ಮಚ್ಚೆಯ ಮೇಲೆ ಎರಡು ಸಲ ಮಾತ್ರೆ ಕೊಟ್ಟಿದ್ದರೆ, ಇದು ಧೂಳಿನ ಕಾಯಿಲೆ ಇರಬಹುದೆಂಬ ಅನುಮಾನ ಇಟ್ಟುಕೊಂಡೇ ಮುಂದಿನ ಪರೀಕ್ಷೆ ಆಗಬೇಕು. ಟಿಬಿ ಇರಲೇ ಇಲ್ಲ ಎಂದೂ ಹೇಳುವಂತಿಲ್ಲ. ಕಲ್ಲಿನ ಪುಡಿಯಲ್ಲಿ ಸಿಲಿಕಾ ಇದ್ದರೆ ಆ ಧೂಳು ಕುಡಿದ ಶ್ವಾಸಕೋಶಕ್ಕೆ ಟಿಬಿ ಬೇಗ ಅಂಟುತ್ತದೆ, ಎರಡೂ ಒಟ್ಟಿಗೆ ಇರಬಹುದು. ಮೈಸೂರಿನ ಪಿಕೆಟಿಬಿ ಸ್ಯಾನಿಟೋರಿಯಂಗೋ ಕೆ.ಆರ್. ಆಸ್ಪತ್ರೆಗೋ ಕರೆದುಕೊಂಡು ಹೋಗಿ. ಉಸಿರು ಊದಿಸಿ ನೋಡುವ ಪರೀಕ್ಷೆಯನ್ನೂ, ಡಾಕ್ಟರು ಬೇಕೆಂದರೆ ಎದೆಯ ಸಿ.ಟಿ. ಸ್ಕ್ಯಾನನ್ನೂ ಮಾಡಿಸಿ.

ಡಾಕ್ಟರು ಕೇಳದಿದ್ದರೂ ನೀವಾಗಿಯೇ ಹೇಳಬೇಕಾದ ಮಾತುಗಳಿವೆ. ಯಾವ ವರ್ಷ ಕೆಲಸಕ್ಕೆ ಸೇರಿದರು, ಯಾವಾಗ ಬಿಟ್ಟರು, ಯಾವ ಯಾವ ಕಲ್ಲು ಅರೆಯುತ್ತಿದ್ದರು, ಅಪ್ಪ ಇದ್ದದ್ದು ಕಲ್ಲು ಸುರಿಯುವ ಕಡೆಯೋ, ಕುಲುಮೆಯ ಹತ್ತಿರವೋ, ಚೀಲ ತುಂಬುವ ಕಡೆಯೋ. ಚೀಲ ತುಂಬುವವರು ಮತ್ತು ಧೂಳು ಹಿಡಿಯುವ ಯಂತ್ರದ ಚೀಲ ಕೊಡವುವವರು ಬೇರೆಲ್ಲರಿಗಿಂತ ಹೆಚ್ಚು ಧೂಳು ಕುಡಿದಿರುತ್ತಾರೆ. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಕೊಡಿ, ಕೇಸ್ ಶೀಟಿಗೆ ಸೇರಿಸಿ ಎಂದು ಕೇಳಿ. ಆ ಹಾಳೆಯೇ ಮುಂದೆ ಪರಿಹಾರದ ಅರ್ಜಿಗೂ ಬೇಕಾಗುತ್ತದೆ. ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ, ಕಾಯಿಲೆ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 20ರಿಂದ 40 ವರ್ಷ ಹಿಡಿಯುವುದರಿಂದ, ‘ಫ್ಯಾಕ್ಟರಿ ಮುಚ್ಚಿ ಕಾಲವಾಯ್ತಲ್ಲ’ ಎಂದು ಯಾರಾದರೂ ತಳ್ಳಿಹಾಕಿದರೆ ಒಪ್ಪಬೇಡಿ. ಅಪ್ಪ ಬೀಡಿ ಸೇದುತ್ತಿದ್ದರೆ ಇವತ್ತೇ ಬಿಡಿಸಿ. ಕಲ್ನಾರು ಮತ್ತು ಹೊಗೆ ಎರಡೂ ಸೇರಿದಾಗ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಪ್ರತ್ಯೇಕ ಅಪಾಯಗಳ ಮೊತ್ತಕ್ಕಿಂತ ಬಹಳ ಹೆಚ್ಚಾಗುತ್ತದೆ.

ತಾಯಿಯವರನ್ನೂ ಕರೆದುಕೊಂಡು ಹೋಗಿ. ಮಿಲ್ಲಿನ ಬಟ್ಟೆಗಳನ್ನು ಒಗೆಯುವ ಮುಂಚೆ ಬಾಗಿಲಾಚೆ ನಿಂತು ಕೊಡವಿದವರು ಅವರೇ ಆಗಿರುತ್ತಾರೆ. ಫ್ಯಾಕ್ಟರಿ ಮೆಟ್ಟಿಲು ಹತ್ತದೆಯೇ ಕಲ್ನಾರಿನ ಕಾಯಿಲೆಗೆ ತುತ್ತಾದ ಹೆಂಡತಿ, ಮಕ್ಕಳ ಉದಾಹರಣೆಗಳು ಪ್ರಪಂಚದ ಎಲ್ಲ ಕಡೆ ದಾಖಲಾಗಿವೆ.

ಈಗ ಕಲ್ಲಿನ ವಿಚಾರಕ್ಕೆ ಬರೋಣ. ಬಳಪದ ಕಲ್ಲು ಆಸ್ಬೆಸ್ಟಾಸ್ ಅಲ್ಲ, ವರ್ಮಿಕ್ಯುಲೈಟೂ ಅಲ್ಲ, ಮ್ಯಾಗ್ನಸೈಟೂ ಅಲ್ಲ. ಆದರೆ ಇವೆಲ್ಲ ಭೂಮಿಯಲ್ಲಿ ಹುಟ್ಟುವ ಜಾಗ, ಕಲ್ನಾರು ಹುಟ್ಟುವ ಜಾಗ ಹಲವು ಕಡೆ ಒಂದೇ. ಮೆಗ್ನೀಸಿಯಂ ಹೆಚ್ಚಿರುವ ಕಪ್ಪು-ಹಸಿರು ಬಂಡೆಗಳು ಬಿಸಿನೀರಿಗೆ ಸಿಕ್ಕಿ ಮಾರ್ಪಟ್ಟಾಗ ಒಂದು ಕಡೆ ಬಳಪದ ಕಲ್ಲಾಗುತ್ತದೆ, ಪಕ್ಕದ ಬಿರುಕಿನಲ್ಲಿ ಕ್ರೈಸೋಟೈಲ್ ಅಥವಾ ಟ್ರೆಮೊಲೈಟ್ ಎಂಬ ನಾರಿನ ಖನಿಜ ಬೆಳೆದಿರುತ್ತದೆ. ನಮ್ಮ ಕಡೆ ಇಂಥ ಬಂಡೆಗಳಿಗೆ ಕೊರತೆಯಿಲ್ಲ. ಕಡಕೊಳದ ಸುತ್ತಿನ ಮ್ಯಾಗ್ನಸೈಟ್, ಸಿಂಧುವಳ್ಳಿಯ ಕ್ರೋಮೈಟ್ ಬಂದದ್ದು ಇದೇ ಜಾತಿಯ ಬಂಡೆಗಳಿಂದ. ಭಾರತೀಯ ಗಣಿ ಬ್ಯೂರೊ ಪ್ರಕಟಿಸುವ ಖನಿಜಗಳ ಪಟ್ಟಿಯಲ್ಲಿ ಕರ್ನಾಟಕದ ಆಸ್ಬೆಸ್ಟಾಸ್ ಇರುವ ಜಿಲ್ಲೆಗಳಲ್ಲಿ ಮೈಸೂರು, ಮಂಡ್ಯ, ಹಾಸನ ಮೂರೂ ಇವೆ. ವರ್ಮಿಕ್ಯುಲೈಟ್ ಹೆಸರಿನ ಮುಂದೆಯೂ ಇದೇ ಮೂರು ಜಿಲ್ಲೆಗಳಿವೆ. ಹಾಗೆಂದು ಈ ಜಿಲ್ಲೆಗಳ ಪ್ರತಿಯೊಂದು ಬಳಪದ ಕಲ್ಲಿನಲ್ಲೂ ಕಲ್ನಾರಿದೆ ಎಂದು ಅರ್ಥವಲ್ಲ. ಒಂದು ಗುಂಡಿಯ ಕಲ್ಲು ಶುದ್ಧವಾಗಿರಬಹುದು, ಫರ್ಲಾಂಗ್ ಆಚೆಯ ಗುಂಡಿಯದರಲ್ಲಿ ಬೇಕಾದಷ್ಟು ಇರಬಹುದು. ಅದಕ್ಕೇ ಕಲ್ಲು ಯಾವ ಗುಂಡಿಯದು ಎಂಬುದು ಮೊದಲ ಪ್ರಶ್ನೆಯಾಗುತ್ತದೆ.

ನಮ್ಮ ಕಾನೂನಿನ ದೊಡ್ಡ ಬಿರುಕು ಇರುವುದೂ ಇಲ್ಲೇ ಎಂದು ನನಗನ್ನಿಸುತ್ತದೆ. ಹೊಸ ಕಲ್ನಾರು ಗಣಿಗಳಿಗೆ ಗುತ್ತಿಗೆ ಕೊಡಬಾರದೆಂದು ಕೇಂದ್ರ ಸರ್ಕಾರ 1986ರಲ್ಲೇ ರಾಜ್ಯಗಳಿಗೆ ಹೇಳಿತು, 1993ರಲ್ಲಿ ಹಳೆಯ ಗುತ್ತಿಗೆಗಳ ನವೀಕರಣವನ್ನೂ ನಿಲ್ಲಿಸಿತು. 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಆಸ್ಬೆಸ್ಟಾಸ್ ಉದ್ಯಮದ ಪ್ರತಿ ಕೆಲಸಗಾರನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಹೆಚ್ಚೋ ಅಲ್ಲಿಯವರೆಗೆ ಇಡಬೇಕೆಂದು ಆದೇಶಿಸಿತು. ಇವೆಲ್ಲ ಒಳ್ಳೆಯ ಆದೇಶಗಳು. ಆದರೆ ನಿಮ್ಮೂರ ಫ್ಯಾಕ್ಟರಿಯ ಲೈಸೆನ್ಸಿನಲ್ಲಿ ‘ಖನಿಜ ಪುಡಿ’ ಎಂದಿರುತ್ತದೆಯೇ ಹೊರತು ಆಸ್ಬೆಸ್ಟಾಸ್ ಎಂಬ ಪದ ಎಲ್ಲೂ ಇರುವುದಿಲ್ಲ. ಲೈಸೆನ್ಸಿನಲ್ಲಿ ಇಲ್ಲದ್ದು ತಪಾಸಣಾಧಿಕಾರಿಯ ನಮೂನೆಯಲ್ಲೂ ಬರುವುದಿಲ್ಲ. ಕೆಲಸಗಾರನ ಮೂಗಿಗೆ ಮಾತ್ರ ಬಂದಿರುತ್ತದೆ.

ಅಮೆರಿಕದಲ್ಲೂ ದಶಕಗಳ ಕಾಲ ಹೀಗೇ ಆಯಿತು. ಮೊಂಟಾನಾ ರಾಜ್ಯದ ಲಿಬ್ಬಿ ಎಂಬ ಸಣ್ಣ ಊರಿನ ಪಕ್ಕದ ಗುಡ್ಡದಲ್ಲಿ 1920ರ ದಶಕದಿಂದ 1990ರವರೆಗೆ ವರ್ಮಿಕ್ಯುಲೈಟ್ ಗಣಿ ನಡೆಯಿತು. ಒಂದು ಕಾಲಕ್ಕೆ ಪ್ರಪಂಚದ ಬಹುಪಾಲು ವರ್ಮಿಕ್ಯುಲೈಟ್ ಅಲ್ಲಿಂದಲೇ ಹೋಗುತ್ತಿತ್ತು. ಆ ಅದಿರಿನ ಜೊತೆ ಟ್ರೆಮೊಲೈಟ್ ಜಾತಿಯ ಕಲ್ನಾರು ಬೆರೆತಿತ್ತು. 1999ರ ಕೊನೆಯಲ್ಲಿ ಪತ್ರಿಕೆಗಳಲ್ಲಿ ಊರಿನ ಸಾವುಗಳ ಸುದ್ದಿ ಬಂದ ಮೇಲೆ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ತಂಡ ಕಳಿಸಿತು. ಊರಿನ ಸಾವಿರಾರು ಜನರ ಎದೆಯ ಎಕ್ಸ್‌-ರೇ ತೆಗೆದರು. ಸುಮಾರು ಶೇ 18 ಮಂದಿಯಲ್ಲಿ ಶ್ವಾಸಕೋಶದ ಹೊರಪೊರೆ ದಪ್ಪಗಟ್ಟಿತ್ತು ಅಥವಾ ಬೇರೆ ಬದಲಾವಣೆಯಿತ್ತು. 2009ರ ಜೂನ್‌ನಲ್ಲಿ ಅಲ್ಲಿ ಸಾರ್ವಜನಿಕ ಆರೋಗ್ಯದ ತುರ್ತು ಪರಿಸ್ಥಿತಿ ಘೋಷಿಸಿದರು. ಆ ಸಂಸ್ಥೆ ತನ್ನ ಇತಿಹಾಸದಲ್ಲಿ ಅಂಥ ಘೋಷಣೆ ಮಾಡಿದ್ದು ಅದೇ ಮೊದಲು.

ನಿಮಗೆ ಬೇಕಾದ ಪಾಠ ಇದರ ಮುಂದಿನ ಭಾಗದಲ್ಲಿದೆ. ಗಣಿಯನ್ನು ನೋಡಿ ಅವರು ಸುಮ್ಮನಾಗಲಿಲ್ಲ. ಕಂಪನಿಯ ಸಾಗಣೆ ರಸೀದಿಗಳನ್ನು ತರಿಸಿ, ಈ ಅದಿರು ಯಾವ ಯಾವ ಊರಿಗೆ ಎಷ್ಟು ಟನ್ ಹೋಯಿತು ಎಂದು ಪಟ್ಟಿ ಮಾಡಿದರು. ದೇಶದಾದ್ಯಂತ ಇನ್ನೂರಕ್ಕೂ ಹೆಚ್ಚು ಜಾಗಗಳು ಹೊರಬಿದ್ದವು. ವರ್ಮಿಕ್ಯುಲೈಟನ್ನು ಕುಲುಮೆಯಲ್ಲಿ ಕಾಯಿಸಿದರೆ, ಭತ್ತ ಹುರಿದಾಗ ಅರಳು ಏಳುವ ಹಾಗೆ, ಹಲವು ಪಟ್ಟು ಉಬ್ಬುತ್ತದೆ. ಆ ಉಬ್ಬಿಸುವ ಕಾರ್ಖಾನೆಗಳೇ ಪಟ್ಟಿಯಲ್ಲಿ ಹೆಚ್ಚಿದ್ದವು. ಎಲ್ಲವನ್ನೂ ಒಂದೇ ಸಲ ನೋಡಲಾಗದು ಎಂದು ಮೊದಲ ಹಂತಕ್ಕೆ 28 ಜಾಗಗಳನ್ನು ಆರಿಸಿಕೊಂಡರು. 1 ಲಕ್ಷ ಟನ್ನಿಗಿಂತ ಹೆಚ್ಚು ಲಿಬ್ಬಿ ಅದಿರು ಉಬ್ಬಿಸಿದ ಕಾರ್ಖಾನೆಗಳು, ಮಾಲಿನ್ಯ ಉಳಿದಿದೆ ಎಂದು ಆಗಲೇ ಗೊತ್ತಾಗಿದ್ದ ಜಾಗಗಳು ಅವುಗಳಲ್ಲಿ ಬಂದವು. ಕೆಲವು ಆಗ ಗೋದಾಮುಗಳಾಗಿದ್ದವು, ಕೆಲವು ಖಾಲಿ ನಿವೇಶನಗಳು. ಪ್ರತಿಯೊಂದು ಜಾಗಕ್ಕೂ ಒಂದೇ ಬಗೆಯ ಪ್ರಶ್ನೆಗಳನ್ನು ಹಾಕಿದರು: ಆಗ ಇಲ್ಲಿ ಯಾರು ಕೆಲಸ ಮಾಡಿದರು, ಅವರ ಮನೆಗಳಲ್ಲಿ ಯಾರಿದ್ದರು, ಸುತ್ತ ಯಾರು ವಾಸವಿದ್ದರು, ಉಳಿದ ಕಸ ಎಲ್ಲಿ ಹೋಯಿತು, ಇವತ್ತು ಅಲ್ಲಿ ಯಾರಿದ್ದಾರೆ. ಹಳೆಯ ಕೆಲಸಗಾರರಿಗೂ ಅವರ ಮನೆಮಂದಿಗೂ ಅಪಾಯ ಎಲ್ಲರಿಗಿಂತ ಹೆಚ್ಚು ಎಂಬುದು ಜಾಗದಿಂದ ಜಾಗಕ್ಕೆ ಮತ್ತೆ ಮತ್ತೆ ಕಂಡಿತು.

ಮಿನಿಯಾಪೊಲಿಸ್ ನಗರದ ಕಾರ್ಖಾನೆಯ ಕತೆಯನ್ನು ನಿಮ್ಮೂರವರಿಗೆ ಹೇಳಿ. ಉಬ್ಬಿಸಿದ ಮೇಲೆ ಉಬ್ಬದೆ ಉಳಿದ ಕಲ್ಲಿನ ಪುಡಿಯನ್ನು ಹೊರಗೆ ರಾಶಿ ಹಾಕುತ್ತಿದ್ದರು, ಬೇಕಾದವರು ಬಿಟ್ಟಿ ಒಯ್ಯಬಹುದಿತ್ತು. ಅಕ್ಕಪಕ್ಕದವರು ಅದನ್ನು ಅಂಗಳಕ್ಕೆ, ಗಾಡಿ ನಿಲ್ಲಿಸುವ ಜಾಗಕ್ಕೆ, ಹೂದೋಟಕ್ಕೆ ಹಾಕಿಕೊಂಡರು. ಮಕ್ಕಳು ರಾಶಿ ಹತ್ತಿ ಜಾರಿ ಆಡಿದರು. ಲಿಬ್ಬಿಯ ಅದಿರನ್ನು ಉಬ್ಬಿಸಿದ ಮೇಲೆ ಉಳಿಯುತ್ತಿದ್ದ ಇಂಥ ಕಸದಲ್ಲಿ ಶೇ 2ರಿಂದ 10ರಷ್ಟು ಕಲ್ನಾರು ಇತ್ತೆಂಬ ಅಂದಾಜಿದೆ. ಕಾರ್ಖಾನೆ 1989ರಲ್ಲಿ ಮುಚ್ಚಿತು. ಹತ್ತು ವರ್ಷದ ಮೇಲೆ ತಪಾಸಣೆ ತಂಡ ಬೀದಿ ಬೀದಿ ನಡೆದು, ಮನೆಮನೆಯ ಅಂಗಳ ನೋಡಿ, ಇನ್ನೂರಕ್ಕೂ ಹೆಚ್ಚು ಮನೆಗಳ ಮಣ್ಣು ತೆಗೆಸಬೇಕಾಯಿತು. ಕಾರ್ಖಾನೆಯ ಕಾಂಪೌಂಡಿನೊಳಗೆ ಮಾತ್ರ ನೋಡಿದ್ದರೆ ಇವುಗಳಲ್ಲಿ ಒಂದು ಅಂಗಳವೂ ಸಿಕ್ಕುತ್ತಿರಲಿಲ್ಲ.

ಇನ್ನೊಂದು ಉದಾಹರಣೆ ಒಹಾಯೋ ರಾಜ್ಯದ ಮೇರಿಸ್‌ವಿಲ್‌ನದು. ಹುಲ್ಲುಹಾಸಿಗೆ ಗೊಬ್ಬರ ತಯಾರಿಸುವ ಅಲ್ಲಿನ ಕಾರ್ಖಾನೆ ಲಿಬ್ಬಿಯ ವರ್ಮಿಕ್ಯುಲೈಟ್ ಬಳಸುತ್ತಿತ್ತು. 1980ರಲ್ಲಿ 513 ಕೆಲಸಗಾರರನ್ನು ಪರೀಕ್ಷಿಸಿದಾಗ ಎಕ್ಸ್‌-ರೇಯಲ್ಲಿ ಬದಲಾವಣೆ ಕಂಡದ್ದು ಶೇ 2ರ ಆಸುಪಾಸು. ಸುಮಾರು 25 ವರ್ಷದ ನಂತರ ಅವರಲ್ಲೇ 280 ಜನರನ್ನು ಮತ್ತೆ ನೋಡಿದರು. ಆಗ ಶೇ 28ನ್ನು ದಾಟಿತ್ತು. ನಡುವೆ ಅವರಲ್ಲಿ ಬಹುತೇಕರು ಹೊಸದಾಗಿ ಆ ಧೂಳು ಕುಡಿದಿರಲಿಲ್ಲ. ಒಮ್ಮೆ ಒಳಹೊಕ್ಕ ಎಳೆ ತನ್ನ ಕೆಲಸ ಮಾಡುತ್ತಲೇ ಇತ್ತು. ಒಂದು ಸಲ ಕ್ಯಾಂಪ್ ಮಾಡಿ ‘ಎಲ್ಲ ಸರಿಯಾಗಿದೆ’ ಎಂದು ಕಡತ ಮುಚ್ಚುವವರಿಗೆ ಈ ಅಂಕಿಗಳನ್ನು ತೋರಿಸಬೇಕು.

ಇಷ್ಟೆಲ್ಲ ಹೇಳಿದ್ದು ಒಂದು ಮಾತಿಗಾಗಿ. ಜಾಗಕ್ಕೆ ಬಂದು ಸುತ್ತು ಹಾಕಿ ಹೋಗುವುದು ಇಂಥಲ್ಲಿ ತಪಾಸಣೆ ಎನ್ನಿಸಿಕೊಳ್ಳದು. ಕಲ್ಲು ಬಂದ ದಾರಿ, ಧೂಳು ಹೋದ ದಾರಿ ಎರಡನ್ನೂ ಹಿಡಿದು ಹೋಗಬೇಕು. ನಿಮ್ಮೂರಲ್ಲಿ ಈ ದಾರಿಯನ್ನು ಹಿಡಿಯುವುದು ಹೇಗೆಂದು ವಿವರಿಸುತ್ತೇನೆ.

ಮೊದಲು ಕಾಗದ. ಕಲ್ಲು ಯಾವ ಗಣಿಯಿಂದ ಬಂತೆಂಬುದು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಸಾಗಣೆ ಪರವಾನಗಿಗಳಲ್ಲಿ ಇರಬೇಕು. ಫ್ಯಾಕ್ಟರಿಯ ಲೈಸೆನ್ಸ್, ನಕ್ಷೆ, ಎಷ್ಟು ಜನ ಕೆಲಸಕ್ಕಿದ್ದರು ಎಂಬುದು ಕಾರ್ಖಾನೆಗಳು, ಬಾಯ್ಲರ್‌ಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯಲ್ಲಿ ಸಿಗಬೇಕು. ವರ್ಷಕ್ಕೆ ಎಷ್ಟು ಟನ್ ಅರೆಯಲು ಒಪ್ಪಿಗೆ ಇತ್ತು, ಧೂಳು ಹಿಡಿಯಲು ಏನು ಹಾಕಿದ್ದರು ಎಂಬುದು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕಡತದಲ್ಲಿರುತ್ತದೆ. ಮೂರಕ್ಕೂ ಪ್ರತ್ಯೇಕವಾಗಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದ ಗಡುವು. ‘ಎಲ್ಲ ದಾಖಲೆ ಕೊಡಿ’ ಎಂದು ಬರೆದರೆ ಹಿಂದಕ್ಕೆ ಬರುತ್ತದೆ, ಯಾವ ವರ್ಷದಿಂದ ಯಾವ ವರ್ಷದವರೆಗಿನ ಯಾವ ಕಾಗದ ಎಂದು ಖಚಿತವಾಗಿ ಬರೆಯಿರಿ. ಇಎಸ್‌ಐ ಮತ್ತು ಪಿಎಫ್ ಕಟ್ಟಿದ್ದರೆ ಆ ಪಟ್ಟಿಗಳು ಕೆಲಸಗಾರರ ಹೆಸರಿಗೆ ಬಲವಾದ ಸಾಕ್ಷಿ. ಗುತ್ತಿಗೆಯವರು, ದಿನಗೂಲಿಯವರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅವರ ಹೆಸರು ಊರಿನ ಹಳಬರ ಬಾಯಲ್ಲಿ ಮಾತ್ರ ಇದೆ. ಇನ್ನೂ ಬದುಕಿರುವವರನ್ನು ಕೂರಿಸಿ ಬರೆಸಿಕೊಳ್ಳಿ. ಯಾವ ಲಾರಿ ಎಲ್ಲಿಂದ ಬರುತ್ತಿತ್ತೆಂಬುದು ಇಲಾಖೆಗಿಂತ ಲೋಡಿಂಗ್ ಮಾಡಿದವರಿಗೆ ಚೆನ್ನಾಗಿ ನೆನಪಿರುತ್ತದೆ.

ಆಮೇಲೆ ಕಟ್ಟಡ, ಇನ್ನೂ ನಿಂತಿದ್ದರೆ. ಮುಚ್ಚಿದ ಮಿಲ್ಲೊಂದರ ತಪಾಸಣೆಯಲ್ಲಿ ನಾನು ಜೊತೆಗಿದ್ದಾಗ ನೆಲವನ್ನು ಚೊಕ್ಕವಾಗಿ ತೊಳೆದು ಇಟ್ಟಿದ್ದರು. ಬಂದವರು ನೆಲ ನೋಡಿ ಹೊರಡುವುದರಲ್ಲಿದ್ದರು. ಏಣಿ ತರಿಸಿ ಶೀಟಿನ ಕೆಳಗಿನ ಕಬ್ಬಿಣದ ತೊಲೆಯ ಮೇಲೆ ಒದ್ದೆ ಬಟ್ಟೆ ಎಳೆದರೆ ಬೂದು ಬಣ್ಣದ ಪುಡಿ ಅಂಗೈ ದಪ್ಪ ಬಂತು. ಸ್ವಿಚ್ ಬೋರ್ಡಿನ ಹಿಂದೆ, ಪುಡಿಯನ್ನು ಮೇಲಕ್ಕೆತ್ತುವ ಎಲಿವೇಟರಿನ ಬುಡದ ಗುಂಡಿಯಲ್ಲಿ, ಗೋಡೆ-ನೆಲ ಸೇರುವ ಸಂದಿಯಲ್ಲಿ ಅದೇ ಪುಡಿ. ಧೂಳಿಗೆ ಯಾರ ಪೊರಕೆಯೂ ತಲುಪದ ಜಾಗಗಳಿರುತ್ತವೆ, ಮಾದರಿ ತೆಗೆಯಬೇಕಾದ್ದು ಅಲ್ಲಿಂದ. ನಿಮ್ಮಲ್ಲಿ ಶೆಡ್ಡಿಗೆ ಹಳೆಯ ಕಲ್ನಾರು ಶೀಟೇ ಹೊದಿಸಿದ್ದರೆ ಅದು ಇನ್ನೊಂದು ಗಂಟು. ಜೆಸಿಬಿಯಿಂದ ಹೊಡೆದು ಬೀಳಿಸಿದರೆ ಶೀಟಿನ ಎಳೆಯೂ ತೊಲೆಯ ಮೇಲಿನ ಪುಡಿಯೂ ಒಟ್ಟಿಗೆ ಏಳುತ್ತವೆ.

ಮೂರನೆಯದು ಧೂಳು ಹೊರಟ ದಾರಿ. ರಾಶಿ ಎಲ್ಲಿತ್ತು, ಯಾವ ಹಳ್ಳ ತುಂಬಿಸಿದರು, ಯಾರ ಮನೆ ಪಾಯಕ್ಕೆ ಟ್ರ್ಯಾಕ್ಟರಿನಲ್ಲಿ ಹೊಡೆದರು, ಶಾಲೆಯ ಮೈದಾನಕ್ಕೆ ಹಾಕಿದರೇ? ಚೀಲಗಳನ್ನೂ ಮರೆಯಬೇಡಿ. ಖಾಲಿಯಾದ ಗೋಣಿಚೀಲವನ್ನು ಮನೆಗೆ ತಂದು ರಾಗಿ ತುಂಬಿದವರು, ಒಣಗಿಸಲು ಹಾಸಿದವರು, ಬಾಗಿಲಲ್ಲಿ ಕಾಲೊರೆಸಲು ಇಟ್ಟವರು ಇರುತ್ತಾರೆ. ಕಲ್ನಾರಿನ ಚೀಲ ಮರುಬಳಸಿದ್ದರಿಂದ ಕಾಯಿಲೆ ಬಂದದ್ದು ಬೇರೆ ದೇಶಗಳಲ್ಲಿ ದಾಖಲಾಗಿದೆ. ಇದನ್ನೆಲ್ಲ ಒಂದು ದೊಡ್ಡ ಹಾಳೆಯ ಮೇಲೆ ಊರಿನ ನಕ್ಷೆ ಬರೆದು ಗುರುತು ಹಾಕಿ ಅಧಿಕಾರಿಗಳಿಗೆ ಕೊಡಿ. ಅವರ ಹತ್ತಿರ ಇಂಥ ನಕ್ಷೆ ಇರುವುದಿಲ್ಲ.

ಇನ್ನು ಆ ಶೇ 1ರ ವರದಿ. ಇದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಜನರನ್ನು ಸುಮ್ಮನಿರಿಸಲು ಅತಿ ಹೆಚ್ಚು ಬಳಕೆಯಾಗುವ ಅಂಕಿ ಇದೇ. ಅದು ಆರೋಗ್ಯ ನೋಡಿ ಗೊತ್ತುಮಾಡಿದ ಮಿತಿಯಲ್ಲ. 1973ರಲ್ಲಿ ಅಮೆರಿಕದಲ್ಲಿ ಕಟ್ಟಡಗಳಿಗೆ ಸಿಂಪಡಿಸುವ ವಸ್ತುಗಳಲ್ಲಿ ಶೇ 1ಕ್ಕಿಂತ ಹೆಚ್ಚು ಆಸ್ಬೆಸ್ಟಾಸ್ ಇರಬಾರದೆಂದು ನಿಯಮ ಮಾಡುವಾಗ, ಬೇಕೆಂದೇ ಬೆರೆಸಿದ್ದನ್ನು ಹಿಡಿಯಲು ಇಟ್ಟ ಗೆರೆ ಅದು. ಅದೇ ದೇಶದ ಪರಿಸರ ಸಂಸ್ಥೆ 2004ರ ಆಗಸ್ಟ್‌ನಲ್ಲಿ ತನ್ನ ಅಧಿಕಾರಿಗಳಿಗೆ ಸ್ಪಷ್ಟವಾಗಿ ತಿಳಿಸಿತು: ಶೇ 1ಕ್ಕಿಂತ ಕಡಿಮೆ ಇದೆಯೆಂದು ಜಾಗ ಸುರಕ್ಷಿತ ಎನ್ನಬೇಡಿ, ಕೆದಕಿದಾಗ ಗಾಳಿಗೆ ಎಷ್ಟು ಏಳುತ್ತದೆ ಎಂಬುದನ್ನು ಆಯಾ ಜಾಗದಲ್ಲೇ ಅಳೆಯಿರಿ.

ಲೆಕ್ಕ ಹಾಕಿ ನೋಡಿ. ಮಣ್ಣಿನಲ್ಲಿ ಅರ್ಧ ಪರ್ಸೆಂಟ್ ಇದ್ದರೆ 3 ಟನ್ನಿನ ಒಂದು ಟ್ರ್ಯಾಕ್ಟರ್ ಲೋಡಿನಲ್ಲಿ 15 ಕೆ.ಜಿ. ಕಲ್ನಾರು ಇದೆ ಎಂದಾಯಿತು. ಗಾಳಿಯಲ್ಲಿ ಎಣಿಸುವುದು ಒಂದು ಘನ ಸೆಂಟಿಮೀಟರಿಗೆ ಎಷ್ಟು ಎಳೆ ಎಂದು. ಅಮೆರಿಕದಲ್ಲಿ ಕೆಲಸದ ಜಾಗಕ್ಕೆ ಇಟ್ಟಿರುವ ಮಿತಿ 0.1 ಎಳೆ. ಲಿಬ್ಬಿಯ ಕಲ್ನಾರನ್ನು ಜೀವಮಾನವಿಡೀ ಉಸಿರಾಡಿದರೂ ಶ್ವಾಸಕೋಶದ ಹೊರಪೊರೆಗೆ ಹಾನಿಯಾಗದಿರಲು 2014ರಲ್ಲಿ ಅವರ ಪರಿಸರ ಸಂಸ್ಥೆ ಅಂದಾಜು ಮಾಡಿದ ಪ್ರಮಾಣ 0.00009. ಇಷ್ಟು ಸೂಕ್ಷ್ಮವಾದದ್ದನ್ನು ಮಣ್ಣಿನ ಪರ್ಸೆಂಟ್ ಹೇಳಲಾರದು.

ಹಾಗಾಗಿ ನಿಮ್ಮ ವರದಿಯನ್ನು ಕೈಯಲ್ಲಿ ಹಿಡಿದು ಈ ಪ್ರಶ್ನೆಗಳನ್ನು ಬರೆದು ಕೇಳಿ. ಎಷ್ಟು ಕಡೆ, ಎಷ್ಟು ಆಳದಿಂದ ಮಣ್ಣು ತೆಗೆದರು? ಹತ್ತು ಕಡೆಯ ಮಣ್ಣು ಒಟ್ಟಿಗೆ ಕಲಸಿ ಒಂದೇ ಮಾದರಿ ಮಾಡಿದರೇ? ಹಾಗೆ ಮಾಡಿದರೆ ಒಂದು ಕಡೆ ಶೇ 5 ಇದ್ದದ್ದೂ ಕರಗಿ ಅರ್ಧ ಪರ್ಸೆಂಟ್ ಆಗುತ್ತದೆ. ಯಾವ ವಿಧಾನದಲ್ಲಿ ಪರೀಕ್ಷಿಸಿದರು? ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕ ಮೊದಲ ಹೆಜ್ಜೆಗೆ ಸರಿ, ಆದರೆ ಅರೆದು ಅರೆದು ಸಣ್ಣಗಾದ ಎಳೆ ಅದರ ಕಣ್ಣಿಗೆ ತಪ್ಪುತ್ತದೆ. ಅದಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು. ಗಾಳಿಯ ಮಾದರಿಗೆ ಮಾಮೂಲಿ ಲ್ಯಾಬುಗಳು ಬಳಸುವ ಫೇಸ್ ಕಾಂಟ್ರಾಸ್ಟ್ ಸೂಕ್ಷ್ಮದರ್ಶಕದ ವಿಧಾನ 5 ಮೈಕ್ರಾನಿಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಉದ್ದದ, ತನಗೆ ಕಾಣುವಷ್ಟು ದಪ್ಪದ ಎಳೆಗಳನ್ನೆಲ್ಲ ಎಣಿಸುತ್ತದೆ, ಹತ್ತಿಯ ಎಳೆಗೂ ಕಲ್ನಾರಿಗೂ ವ್ಯತ್ಯಾಸ ಹೇಳುವುದಿಲ್ಲ. ಬಳಪದ ಕಲ್ಲು, ವರ್ಮಿಕ್ಯುಲೈಟ್ ಇದ್ದ ಜಾಗ ಎಂದು ಲ್ಯಾಬಿಗೆ ತಿಳಿಸಿ, ಟ್ರೆಮೊಲೈಟನ್ನು ಹೆಸರು ಹಿಡಿದು ಹುಡುಕಿ ಎಂದು ಕೇಳಿದರೇ?

ಮಾದರಿ ತೆಗೆದದ್ದು ಯಾವ ತಿಂಗಳಲ್ಲಿ ಎಂಬುದೂ ಮುಖ್ಯ. ಮಳೆಗಾಲದಲ್ಲಿ, ನೆಲ ಹಸಿಯಿದ್ದಾಗ ಗಾಳಿಯ ಪರೀಕ್ಷೆ ಮಾಡಿದರೆ ಏನೂ ಸಿಗುವುದಿಲ್ಲ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ, ನೆಲ ಒಣಗಿ ಗಾಳಿ ಬೀಸುವಾಗ ಬರಬೇಕು. ಬಂದ ಮೇಲೂ ಪಂಪನ್ನು ಖಾಲಿ ಜಾಗದ ನಡುವೆ ಸ್ಟ್ಯಾಂಡಿಗೆ ಕಟ್ಟಿ ಕೂತರೆ ಪ್ರಯೋಜನವಿಲ್ಲ. ಸರಿಯಾದ ಮುಖಗವಸು, ಮೈಮುಚ್ಚುವ ಉಡುಪು ತೊಟ್ಟ ತರಬೇತಾದವರ ಸೊಂಟಕ್ಕೆ ಸಣ್ಣ ಪಂಪು ಕಟ್ಟಿ, ಕತ್ತುಪಟ್ಟಿಯ ಹತ್ತಿರ, ಮೂಗಿನಿಂದ ಗೇಣುದ್ದದಲ್ಲಿ, ಫಿಲ್ಟರ್ ಇರುವ ಪುಟ್ಟ ಡಬ್ಬಿ ಸಿಕ್ಕಿಸುತ್ತಾರೆ. ಅವರು ಅಲ್ಲಿ ಗುದ್ದಲಿ ಹಿಡಿದು ಅಗೆಯಬೇಕು, ಗುಡಿಸಬೇಕು, ಮಕ್ಕಳು ಆಡುವ ಹಾಗೆ ಮಣ್ಣು ಕೆದಕಬೇಕು. ಆಗ ಆ ಡಬ್ಬಿಯಲ್ಲಿ ಸಿಕ್ಕಿದ್ದೇ ನಾಳೆ ಅಲ್ಲಿ ಮನೆ ಕಟ್ಟುವವರು ಉಸಿರಾಡುವ ಗಾಳಿ. ಲಿಬ್ಬಿಯಲ್ಲಿ ಮಾಡಿದ್ದು ಇದನ್ನೇ. ಪರೀಕ್ಷೆಯ ಹೆಸರಿನಲ್ಲಿ ಊರಿನ ಹುಡುಗರು ಇದನ್ನು ಮಾಡಲು ಹೋಗಬೇಡಿ.

ಯಾರಿಗೆ ಅರ್ಜಿ ಕೊಡಬೇಕು? 2025ರ ಜುಲೈಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಕಲುಷಿತ ತಾಣಗಳ ನಿರ್ವಹಣೆಗೆಂದೇ ನಿಯಮಗಳನ್ನು ಹೊರಡಿಸಿದೆ. ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತ ಕಲುಷಿತ ಎಂದು ಅನುಮಾನವಿರುವ ಜಾಗಗಳ ಪಟ್ಟಿಯನ್ನು ಆರು ತಿಂಗಳಿಗೊಮ್ಮೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡಬೇಕು, ಮಂಡಳಿ 90 ದಿನದಲ್ಲಿ ಪ್ರಾಥಮಿಕ ಪರಿಶೀಲನೆ ಮುಗಿಸಬೇಕು. ಹಾಗಾಗಿ ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ, ಪಿಡಿಒ ಸಹಿಯೊಂದಿಗೆ ಜಿಲ್ಲಾಧಿಕಾರಿಗೆ ಕೊಡಿ, ಒಂದು ಪ್ರತಿ ಮಂಡಳಿಗೆ. ಇಲ್ಲಿ ಒಂದು ಎಚ್ಚರ. ಗಣಿಗಾರಿಕೆಯಿಂದ ಆದ ಮಾಲಿನ್ಯ ಈ ನಿಯಮದಿಂದ ಹೊರಗಿದೆ. ಅರ್ಜಿಯಲ್ಲಿ ‘ಗಣಿ’ ಎಂದು ಬರೆದರೆ ಅದೇ ನೆಪದಲ್ಲಿ ಬದಿಗಿಡಬಹುದು. ನಿಮ್ಮದು ಹೊರಗಿನಿಂದ ಕಲ್ಲು ತರಿಸಿ ಸಂಸ್ಕರಿಸಿದ ಕಾರ್ಖಾನೆ, ಹಾಗೆಂದೇ ಬರೆಯಿರಿ.

ಆರೋಗ್ಯದ ಬದಿಗೆ ದಾರಿ ಬೇರೆ. ಆಸ್ಬೆಸ್ಟೋಸಿಸ್, ಅಂದರೆ ಕಲ್ನಾರಿನ ಧೂಳಿನಿಂದ ಶ್ವಾಸಕೋಶ ಗಡುಸಾಗುವ ಕಾಯಿಲೆ, ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ವೈದ್ಯರು ಸರ್ಕಾರಕ್ಕೆ ಕಡ್ಡಾಯವಾಗಿ ತಿಳಿಸಬೇಕಾದ ಕಾಯಿಲೆ. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಬಂದಿರುವ ಔದ್ಯೋಗಿಕ ಸುರಕ್ಷತಾ ಸಂಹಿತೆಯ ಪಟ್ಟಿಯಲ್ಲೂ ಅದು ಇದೆ. ನಿಮ್ಮ ತಂದೆಯವರಿಗೆ ಅದೇ ಕಾಯಿಲೆ ಎಂದು ಗೊತ್ತಾದರೆ, ಲಿಖಿತವಾಗಿ ಕಾರ್ಖಾನೆ ಇಲಾಖೆಗೆ ತಿಳಿಸಲು ಡಾಕ್ಟರನ್ನು ವಿನಯದಿಂದ ಕೇಳಿ. ಅನೇಕ ವೈದ್ಯರಿಗೆ ಈ ಕರ್ತವ್ಯ ನೆನಪಿರುವುದಿಲ್ಲ. ಒಂದು ಕೇಸು ಅಧಿಕೃತವಾಗಿ ದಾಖಲಾದರೆ ಉಳಿದ ಕೆಲಸಗಾರರ ತಪಾಸಣೆಗೆ ಬಾಗಿಲು ತೆರೆಯುತ್ತದೆ. ಆ ತಪಾಸಣೆಯನ್ನು ಐಸಿಎಂಆರ್‌ನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರಿಂದ ಮಾಡಿಸಿ ಎಂದು ಜಿಲ್ಲಾಡಳಿತವನ್ನು ಒತ್ತಾಯಿಸಿ. ಅದರ ಮುಖ್ಯ ಕಚೇರಿ ಅಹಮದಾಬಾದಿನಲ್ಲಿದ್ದರೂ ದಕ್ಷಿಣದ ಕೇಂದ್ರ ದೇವನಹಳ್ಳಿ ತಾಲ್ಲೂಕಿನಲ್ಲೇ ಇದೆ. ಅಪ್ಪನಿಗೆ ಇಎಸ್‌ಐ ಇದ್ದಿದ್ದರೆ ಹಳೆಯ ನಂಬರನ್ನು ಹುಡುಕಿ ಇಟ್ಟುಕೊಳ್ಳಿ.

ಇದೆಲ್ಲ ಆಗುವ ತನಕ ಮನೆಯಲ್ಲಿ ಮಾಡಬೇಕಾದ್ದು ಸರಳ. ಆ ಪುಡಿ ಹಾಕಿದ ಅಂಗಳವನ್ನು ಒಣಗಿದ್ದಾಗ ಗುಡಿಸಬೇಡಿ, ನೀರು ಚಿಮುಕಿಸಿಯೇ ಗುಡಿಸಿ. ಅಗೆಯದೆ ಮೇಲೆ ಒಳ್ಳೆಯ ಮಣ್ಣು ಹೊದಿಸಿ, ಸಾಧ್ಯವಾದರೆ ಕಾಂಕ್ರೀಟ್ ಹಾಕಿ. ರಾಶಿಯನ್ನು ಬೇರೆ ಕಡೆ ಸಾಗಿಸಬೇಡಿ, ಅದರ ಮೇಲೆ ಟಾರ್ಪಾಲು ಹೊದಿಸಿ ಮಕ್ಕಳನ್ನು ದೂರವಿಡಿ. ಹಳೆಯ ಚೀಲ ಇದ್ದರೆ ಕೊಡವದೆ, ಸುಡದೆ, ಒದ್ದೆ ಮಾಡಿ ದಪ್ಪ ಪ್ಲಾಸ್ಟಿಕ್‌ನಲ್ಲಿ ಎರಡು ಸುತ್ತು ಸುತ್ತಿ ಬದಿಗಿಡಿ, ತಪಾಸಣೆಗೆ ಬಂದವರಿಗೆ ಅದೇ ಒಂದು ಮಾದರಿಯಾಗುತ್ತದೆ. ಬಾವಿ ನೀರಿನ ಬಗ್ಗೆ ಈಗ ಚಿಂತೆ ಬೇಡ, ಕಲ್ನಾರಿನ ಮುಖ್ಯ ಅಪಾಯ ಉಸಿರಿನದು.

ಕೊನೆಗೆ ಸೈಟು. ಈಗಿರುವ ವರದಿಯ ಮೇಲೆ ನಾನಾದರೆ ರಿಜಿಸ್ಟ್ರೇಷನ್ ಮಾಡಿಸಿಕೊಳ್ಳುವುದಿಲ್ಲ. ಲೇಔಟ್ ಮಾಡುವವರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಾಗದ ಬರೆಯಿರಿ: ಇದು ಹಳೆಯ ಖನಿಜ ಕಾರ್ಖಾನೆಯ ಜಾಗ, ಮೇಲೆ ಹೇಳಿದ ರೀತಿಯ ಪರೀಕ್ಷೆ ಆಗಿ ಮಂಡಳಿಯ ಲಿಖಿತ ಅಭಿಪ್ರಾಯ ಬರುವವರೆಗೆ ಬಾಕಿ ಹಣ ಕೊಡುವುದಿಲ್ಲ, ಅಲ್ಲಿಯವರೆಗೆ ನೆಲ ಸಮ ಮಾಡುವ ಕೆಲಸ ನಿಲ್ಲಿಸಿ ಎಂದು. ಅಡ್ವಾನ್ಸ್ ಕರಾರಿನಲ್ಲಿ ಹಣ ವಾಪಸಿನ ಷರತ್ತು ಏನಿದೆ ಎಂದು ವಕೀಲರೊಬ್ಬರಿಗೆ ತೋರಿಸಿ. ಜೆಸಿಬಿ ಈಗಾಗಲೇ ಓಡಾಡುತ್ತಿದ್ದರೆ ದಿನಾಂಕ ಕಾಣುವಂತೆ ಫೋಟೊ ತೆಗೆದು, ಗ್ರಾಮಸಭೆಗೆ ಕಾಯದೆ ತಹಶೀಲ್ದಾರರಿಗೂ ಮಂಡಳಿಯ ಮೈಸೂರು ಕಚೇರಿಗೂ ಅವತ್ತೇ ಕೊಡಿ. ನೆಲ ಒಮ್ಮೆ ಅಗೆದು ಹರಡಿದ ಮೇಲೆ ಯಾವ ಮೂಲೆಯ ಮಣ್ಣು ಯಾವುದೆಂದು ಯಾರೂ ಹೇಳಲಾರರು.